ಕುರಿ ಎಬ್ಬಿಸಿದವಳು

ನಮ್ಮೂರಲ್ಲಿ ಕೋರ್ಟಿನ ಕಟ್ಟಡ ಇದೆ. ಅದರೊಳಗೆ ಉಣ್ಣೆ ತುಂಬಿದ್ದಾರೆ. ಜಡ್ಜರು ಕೂರುವ ಎತ್ತರದ ಕಟ್ಟೆಯ ಮೇಲೆ ಬಿಳಿ ಉಣ್ಣೆ, ವಕೀಲರು ನಿಲ್ಲುವಲ್ಲಿ ಕರಿ ಉಣ್ಣೆ. ಹೊರಗಿನಿಂದ ಬಂದವರು ನೋಡಿ ನಗುತ್ತಾರೆ. ನಗಲಿ. ಅವರ ಕಡೆ ಒಂದು ಬದುವಿನ ಜಗಳ ಮುಗಿಯಬೇಕಾದರೆ ಮೊಮ್ಮಕ್ಕಳು ಹುಟ್ಟಿ ಬರಬೇಕಂತೆ. ನಮ್ಮಲ್ಲಿ ಒಂಬತ್ತು ಕುಳಿ ಸಾಕು. ಗಂಡ ಹೆಂಡತಿ ಬೇರೆಯಾಗಬೇಕೋ ಬೇಡವೋ, ಬಾವಿಯ ನೀರು ಮೊದಲು ಯಾರು ಸೇದಬೇಕು, ಸತ್ತ ಅಪ್ಪನ ಎತ್ತು ಯಾವ ಮಗನ ಕೊಟ್ಟಿಗೆಗೆ ಹೋಗಬೇಕು, ಎಲ್ಲ ತೀರ್ಮಾನವಾಗುವುದು ಊರ ಪಡುವಣ ದಿಕ್ಕಿನ ಗಾಲ್ಫ್ ಬಯಲಿನಲ್ಲಿ. ಚೆಂಡು ಇಡು, ಕೋಲು ಎತ್ತು, ಹೊಡಿ. ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗೆ ಬೀಳಿಸಿದವರದು ಆ ಕುಳಿ, ಹೆಚ್ಚು ಕುಳಿ ಗೆದ್ದವರ ಮಾತು ನಡೆಯುತ್ತದೆ. ಸೋತವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ.

ಗಾಲ್ಫ್ ಅಂದಕೂಡಲೇ ಬಿಳಿ ಷರಾಯಿ, ಹಸಿರು ಹಾಸು, ಛತ್ರಿ ಹಿಡಿಯುವ ಆಳು ಎಂದೆಲ್ಲ ಅಂದುಕೊಳ್ಳಬೇಡಿ. ನಮ್ಮದು ಕಲ್ಲು, ಗರಿಕೆ, ಜಾಲಿ ಕಂಟಿ ಇರುವ ಬಯಲು. ಹುಲ್ಲು ಕತ್ತರಿಸುವವರು ಯಾರೂ ಇಲ್ಲ, ಮಾಳಿಂಗಜ್ಜನ ಇನ್ನೂರು ಕುರಿಗಳೇ ಆ ಕೆಲಸ ಮಾಡುತ್ತವೆ. ಜಾಲಿ ಕಟ್ಟಿಗೆಯ ತುದಿಗೆ ಕಮ್ಮಾರ ಬಡಿದು ಕೂರಿಸಿದ ಕಬ್ಬಿಣದ ತುಂಡು, ಅದೇ ಕೋಲು. ಕುಳಿಯ ಪಕ್ಕ ಒಂದು ಗಳ, ಗಳದ ತುದಿಗೆ ಒಂದು ಹಿಡಿ ಉಣ್ಣೆ. ಆಡಲು ಬರುವವರು ಕುರಿಗಳಿಗೆಂದು ಒಂದು ಬೊಗಸೆ ಉಪ್ಪು ತಂದರೆ ಆಯಿತು, ಬೇರೆ ಶುಲ್ಕವಿಲ್ಲ. ಚೆಂಡಿನ ದಾರಿಯಲ್ಲಿ ಕುರಿಯ ಹಿಕ್ಕಿ ಬಿದ್ದಿದ್ದರೆ ಕೈಯಿಂದ ಒಮ್ಮೆ ಸರಿಸಬಹುದು, ಕಾಲಿನಿಂದ ಸರಿಸುವಂತಿಲ್ಲ. ಗೌಡರ ಮನೆಯ ಸೊಸೆಯಂದಿರು ಕೂಡ ಸೆರಗು ಸಿಕ್ಕಿಸಿಕೊಂಡು ಹಿಕ್ಕಿ ಬಳಿದಿದ್ದಾರೆ, ನಾನೇ ಕಂಡಿದ್ದೇನೆ.

ಕುರಿ ಒದ್ದರೆ ಚೆಂಡು ಹೋಗಿ ಬಿದ್ದಲ್ಲಿಂದಲೇ ಆಡಬೇಕು. ಕುರಿ ಚೆಂಡಿನ ಮೇಲೆ ಕೂತರೆ ಕಾಯಬೇಕು. ಅದು ತಾನಾಗಿ ಏಳುವ ತನಕ ಕಾಯಬೇಕು. ಚಪ್ಪಾಳೆ ತಟ್ಟುವಂತಿಲ್ಲ, ಸಿಳ್ಳೆ ಹಾಕುವಂತಿಲ್ಲ, ಸೊಪ್ಪು ತೋರಿಸುವಂತಿಲ್ಲ. ಹಾಗಾಗಿ ಆಟಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ. ಸೊಸೆಯನ್ನು ತವರಿಗೆ ಅಟ್ಟಬೇಕೆಂದು ಹಟ ಹಿಡಿದು ಆಡಲು ಬಂದ ಅತ್ತೆಯೊಬ್ಬಳು, ಟಗರು ಏಳದೆ ಮಧ್ಯಾಹ್ನ ಮೀರಿ ಹೊಟ್ಟೆ ಚುರುಗುಟ್ಟಿ, ಕೊನೆಗೆ ಅದೇ ಸೊಸೆಯ ಬುತ್ತಿಯ ರೊಟ್ಟಿ ತಿಂದು ಆಟ ಬಿಟ್ಟು ಎದ್ದಳು. ಇಬ್ಬರೂ ಈಗಲೂ ಒಂದೇ ಒಲೆಯ ಮುಂದೆ ಇದ್ದಾರೆ. ಆದರೆ ಯಾರಾದರೂ ತಾಳ್ಮೆಗೆಟ್ಟು ಕುರಿಯನ್ನು ಎಬ್ಬಿಸಿದರೋ, ಅವರ ಮನೆಯ ಆಟ ಅಲ್ಲಿಗೇ ಸೋತಂತೆ. ಎಬ್ಬಿಸಿದ್ದು ದೊಡ್ಡವರಿರಲಿ, ಚಿಕ್ಕವರಿರಲಿ, ಯಾವ ಮನೆಯ ಅನ್ನ ತಿನ್ನುತ್ತಾರೋ ಆ ಮನೆಗೇ ಸೋಲು. ಎಬ್ಬಿಸಿದವರು ಸಾಯುವ ತನಕ ಮತ್ತೆ ಕೋಲು ಮುಟ್ಟುವಂತಿಲ್ಲ. ಕೋಲು ಮುಟ್ಟುವಂತಿಲ್ಲ ಅಂದರೆ ನಮ್ಮೂರಲ್ಲಿ ಏನರ್ಥ ಅಂತ ಹೊರಗಿನವರಿಗೆ ಹೇಗೆ ಹೇಳಲಿ? ನಿಮ್ಮ ಅಂಗಳದಲ್ಲಿ ಇನ್ನೊಬ್ಬ ಬಂದು ದನ ಕಟ್ಟಿದರೂ ಕೇಳುವ ಹಕ್ಕು ನಿಮಗಿಲ್ಲ ಅಂತ ಅರ್ಥ.

ನನ್ನ ಹೆಸರು ಹಂಪವ್ವ. ನೇಯ್ದ ಕಂಬಳಿ ಬಿಗಿಯಾಗಲೆಂದು ಹುಣಸೆ ಬೀಜದ ಗಂಜಿ ಹಾಕುವುದು ನನ್ನ ಕಸುಬು. ನನ್ನ ಸಿಟ್ಟು ಮೂಗಿನ ತುದಿಯ ಮೇಲೆಯೇ ಇರುತ್ತದೆ ಅಂತ ಊರೆಲ್ಲ ಹೇಳುತ್ತದೆ, ಸುಳ್ಳಲ್ಲ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ, ಮಕ್ಕಳಿಲ್ಲ. ನನ್ನ ತಂಗಿ ನಿಂಬೆವ್ವ ಹೆರಿಗೆಗೆ ನನ್ನ ಮನೆಗೆ ಬಂದಿದ್ದಳು. ಹೆತ್ತ ಹನ್ನೊಂದನೆಯ ದಿನ ಅವಳ ಗಂಡ ಬಂದು, ದೂರದ ಪಟ್ಟಣದಲ್ಲಿ ಇಟ್ಟಿಗೆ ಭಟ್ಟಿಯ ಕೆಲಸ ಸಿಕ್ಕಿದೆ, ಇವತ್ತೇ ಹೊರಡಬೇಕು ಅಂದ. "ಮೂರು ತಿಂಗಳಿಗೆ ಬಂದು ಕೂಸನ್ನ ಒಯ್ತೀನಿ ಅಕ್ಕಾ" ಅಂದು ಹೋದವಳು ಎಂಟು ವರ್ಷ ಈ ಕಡೆ ತಲೆ ಹಾಕಲಿಲ್ಲ. ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟು ಬೆಳೆಸಿದೆ. ಕಸ್ತೂರಿ ಅಂತ ಹೆಸರಿಟ್ಟೆ. ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಂಡು ಬೆಳಗು ಮಾಡಿದೆ. ಮಾತು ಬಂದಾಗ ಅವಳು ಮೊದಲು ಅಂದದ್ದು ಅವ್ವ, ಅಂದದ್ದು ನನಗೆ.

ಎಂಟು ವರ್ಷದ ಮೇಲೆ ಒಂದು ಮಧ್ಯಾಹ್ನ ನಿಂಬೆವ್ವ ಬಂದಳು. ಹೊಳೆಯುವ ಸೀರೆ, ಕೈತುಂಬ ಬಳೆ, ಚೀಲದಲ್ಲಿ ಹುಡುಗಿಗೆಂದು ಕೆಂಪು ಬೂಟು. ನಾನು ಗಂಜಿಯ ಕೈಯಲ್ಲೇ ಬಾಗಿಲಿಗೆ ಬಂದೆ.

"ಅಕ್ಕಾ, ಮಗಳನ್ನ ಕರಕೊಂಡು ಹೋಗಾಕ ಬಂದೀನಿ."

"ಯಾರ ಮಗಳನ್ನ?"

"ನಾ ಹಡದಾಕಿ ಅಲ್ಲೇನು?"

"ಹಡದಿ ಹೌದು. ಹಡದು ಹನ್ನೊಂದು ದಿನಕ್ಕ ಜ್ವಾಳದ ಚೀಲ ಇಟ್ಟಂಗ ಇಟ್ಟು ಹೋದಿ. ಈ ಎಂಟು ವರ್ಷ ಎಲ್ಲಿದ್ದೆವ್ವಾ ಮಹಾತಾಯಿ?"

"ನನ್ನ ಕಷ್ಟ ನನಗ ಗೊತ್ತು ಅಕ್ಕಾ. ಊರ ಮಂದಿ ಮುಂದ ಹೇಳಿಕೊಳ್ಳೂದಲ್ಲ ಅದು."

ಅವಳು ಅತ್ತಳು, ನಾನು ಬೈದೆ. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಬಂದು ನಿಂತರು. ಕೊನೆಗೆ ಇಬ್ಬರೂ ಮಾಳಿಂಗಜ್ಜನ ಹತ್ತಿರ ಹೋದೆವು. ಕುರಿ ಕಾಯುವವನೂ ಅವನೇ, ಆಟಕ್ಕೆ ಸಾಕ್ಷಿ ನಿಲ್ಲುವವನೂ ಅವನೇ.

"ನೋಡ್ರವ್ವಾ, ಇಬ್ಬರೂ ಒಂದ ಹೊಟ್ಟ್ಯಾಗ ಹುಟ್ಟಿದವರು. ಮನ್ಯಾಗ ಕುಂತು ಬಗೆಹರಿಸಿಕೊಳ್ರಿ. ಬಯಲಿಗೆ ಬಂದ ಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ."

"ಬಗೆಹರಿಯೂದು ಏನೂ ಉಳದಿಲ್ಲಜ್ಜಾ, ದಿನ ಹೇಳು" ಅಂದವಳು ನಾನೇ. ಅವನು ಮೂರನೆಯ ದಿನ ಬೆಳಿಗ್ಗೆ ಅಂತ ಗೊತ್ತು ಮಾಡಿದ.

ನಡುವೆ ಎರಡು ದಿನ ಇದ್ದವು. ನಿಂಬೆವ್ವನಿಗೆ ಊರಲ್ಲಿ ಬೇರೆ ಮನೆಯೆಲ್ಲಿದೆ, ನನ್ನ ಮನೆಯಲ್ಲೇ ಉಳಿದಳು. ನಾನು? ನಾನು ಆ ಎರಡು ದಿನವನ್ನೂ ಬಯಲಿನಲ್ಲಿ ಕಳೆದೆ. ಕಮ್ಮಾರನ ಹತ್ತಿರ ಹೋಗಿ ಕೋಲಿನ ತುದಿ ಬಡಿಸಿಕೊಂಡು ಬಂದೆ. ನಾಲ್ಕನೆಯ ಕುಳಿಯ ಇಳಿಜಾರು, ಏಳನೆಯ ಕುಳಿಯ ಮುಂದಿನ ಬಂಡೆ, ಒಂಬತ್ತನೆಯದರ ಹತ್ತಿರದ ಹಳ್ಳ, ಒಂದೊಂದನ್ನೂ ನೂರು ಸಲ ಹೊಡೆದು ನೋಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಕಸ್ತೂರಿಗಾಗಿ ಅಂತ ಹೊಡೆದೆ, ಕಸ್ತೂರಿಯ ಮುಖ ನೋಡಲಿಲ್ಲ. ಬೆಳಗಾಗುವ ಮೊದಲೇ ಮನೆ ಬಿಟ್ಟರೆ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದೆ. ಬಂದಾಗ ನಿಂಬೆವ್ವ ಅವಳ ತಲೆ ಬಾಚುತ್ತಿದ್ದಳು, ಪಟ್ಟಣದ ಸುದ್ದಿ ಹೇಳುತ್ತಿದ್ದಳು. ರೈಲು ಹೇಗೆ ಕೂಗುತ್ತದೆ, ಐಸ್‌ಕ್ರೀಮ್ ಗಾಡಿಯವನು ಹೇಗೆ ಗಂಟೆ ಬಾರಿಸುತ್ತಾನೆ ಅಂತ ಅನುಕರಣೆ ಮಾಡಿ ತೋರಿಸುತ್ತಿದ್ದಳು. ಹುಡುಗಿ ಬಿದ್ದು ಬಿದ್ದು ನಗುತ್ತಿತ್ತು. ನಕ್ಕರೆ ನಗಲಿ, ಇನ್ನೆರಡು ದಿನದ ಆಟ ತಾನೇ ಅಂದುಕೊಂಡೆ. ನಿನಗೆ ಯಾರ ಹತ್ತಿರ ಇರಬೇಕು ಅನ್ನಿಸುತ್ತದೆ ಅಂತ ಅವಳನ್ನು ನಾನೂ ಕೇಳಲಿಲ್ಲ, ನಿಂಬೆವ್ವನೂ ಕೇಳಲಿಲ್ಲ, ಮಾಳಿಂಗಜ್ಜನೂ ಕೇಳಲಿಲ್ಲ. ನಮ್ಮೂರಲ್ಲಿ ಕೇಳುವ ರೂಢಿಯೇ ಇಲ್ಲ, ಎಲ್ಲವನ್ನೂ ಕುಳಿಗೆ ಬಿಟ್ಟು ಬಿಟ್ಟು ನಾಲಿಗೆಗೆ ಆ ಅಭ್ಯಾಸವೇ ತಪ್ಪಿಹೋಗಿದೆ.

ಮೂರನೆಯ ದಿನ ಆಟ ಶುರುವಾಯಿತು. ನಿಂಬೆವ್ವನ ಕೈಗೆ ಅಭ್ಯಾಸ ತಪ್ಪಿರಬಹುದು ಅಂತ ನನ್ನ ಲೆಕ್ಕವಾಗಿತ್ತು. ಎಲ್ಲಿಯ ಮಾತು! ಎಂಟು ವರ್ಷ ಇಟ್ಟಿಗೆ ಹೊತ್ತ ತೋಳು ಅದು, ಮೊದಲ ಹೊಡೆತಕ್ಕೇ ಚೆಂಡು ಹಾರಿ ಗಳದ ಬುಡಕ್ಕೆ ಬಿತ್ತು. ಮೊದಲ ಮೂರು ಕುಳಿ ಅವಳದಾದವು. ಆಮೇಲೆ ಇಳಿಜಾರು ಬಂತು, ಬಂಡೆ ಬಂತು, ನನ್ನ ಎರಡು ದಿನದ ಬೆವರು ಕೆಲಸಕ್ಕೆ ಬಂತು. ಎಂಟು ಕುಳಿ ಮುಗಿದಾಗ ನಾಲ್ಕು ಅವಳದು, ನಾಲ್ಕು ನನ್ನದು. ಒಂಬತ್ತನೆಯದರಲ್ಲಿ ಅವಳ ಚೆಂಡು ಜಾಲಿ ಕಂಟಿಯೊಳಗೆ ಹೋಗಿ ಕೂತಿತು. ತೆಗೆಯುವುದಕ್ಕೆ ಮೂರು ಹೊಡೆತ, ಮೈಯೆಲ್ಲ ಮುಳ್ಳು ಗೀರು. ನನ್ನ ಎರಡನೆಯ ಹೊಡೆತಕ್ಕೇ ಚೆಂಡು ಕುಳಿಯಿಂದ ಹತ್ತು ಹೆಜ್ಜೆಯ ಮೇಲೆ ಬಂದು ನಿಂತಿತು. ಇನ್ನೆರಡು ಹೊಡೆತ ಹೊಡೆದರೂ ಗೆಲುವು ನನ್ನದೇ. ನೋಡಲು ಬಂದಿದ್ದವರು, ಮುಗೀತು ಬಿಡು ಅಂತ ಟವೆಲು ಕೊಡವಿಕೊಂಡರು.

ಆಗ ಗಬ್ಬದ ಕುರಿಯೊಂದು ತೂಗಾಡಿಕೊಂಡು ಬಂದು ನನ್ನ ಚೆಂಡನ್ನು ಮೂಸಿ, ಅದರ ಮೇಲೆಯೇ ಕೂತಿತು.

ಇಂದೋ ನಾಳೆಯೋ ಈಯುವ ಕುರಿ. ಅದಕ್ಕೆ ಏಳುವ ಅವಸರವಿರಲಿಲ್ಲ. ಬಂದವರು ಒಬ್ಬೊಬ್ಬರೇ ಊಟಕ್ಕೆ ಮನೆಗೆ ಹೋದರು. ಬಿಸಿಲು ಏರಿತು. ನಾನೂ ನಿಂಬೆವ್ವನೂ ಕಂಟಿಯ ನೆರಳಿನಲ್ಲಿ ಕೂತೆವು. ಕುರಿ ಮೆಲುಕು ಹಾಕುತ್ತಿತ್ತು. ಬಹಳ ಹೊತ್ತಾದ ಮೇಲೆ ನಿಂಬೆವ್ವ ಮಾತಾಡಿದಳು.

"ನೀನ ಗೆದ್ದಿ ಬಿಡಕ್ಕಾ. ಆತು. ವರ್ಷಕ್ಕ ಒಂದ ಸಲ ಬಂದು ನೋಡಿ ಹೋಗಲೇನು?"

ಆಗ ಹೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಎಂಟು ವರ್ಷದ ಉರಿ ನಾಲಿಗೆಗೆ ಬಂತು.

"ನೋಡೂದು ಏನೈತಿ? ಎಂಟು ವರ್ಷ ನೋಡದ ಇದ್ದಾಕಿಗೆ ಇನ್ನೂ ನೋಡದ ಇರೂದು ಏನ್ ಕಷ್ಟ? ಬರಬ್ಯಾಡ. ಬಂದರ ಬಾಗಲಾ ತಗಿಯಂಗಿಲ್ಲ."

ಹಿಂದೆ ಬಳೆಯ ಸದ್ದಾಯಿತು ಅಂತ ತಿರುಗಿದೆ. ಕಸ್ತೂರಿ ನಮಗೆ ಬುತ್ತಿ ತಂದು ನಿಂತಿದ್ದಳು, ಕೈತುಂಬ ನಿಂಬೆವ್ವ ತೊಡಿಸಿದ ಬಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬುತ್ತಿಯನ್ನು ನನ್ನ ಮುಂದಿಟ್ಟಳು. ನಿಂಬೆವ್ವ ಕಣ್ಣೊರೆಸಿಕೊಂಡು, ಮುಖ ತೊಳೆದು ಬರುತ್ತೇನೆ ಅಂತ ಹಳ್ಳದ ಕಡೆ ಇಳಿದಳು. ಮಾಳಿಂಗಜ್ಜ ಉಳಿದ ಕುರಿಗಳನ್ನು ನೀರಿಗೆ ಬಿಡಲು ಆಗಲೇ ಅತ್ತ ಹೋಗಿದ್ದ. ಅಷ್ಟು ದೊಡ್ಡ ಬಯಲಿನಲ್ಲಿ ನಾನು, ಆ ಹುಡುಗಿ, ಆ ಕುರಿ, ಮೂವರೇ.

ಕಸ್ತೂರಿ ಕುರಿಯ ಹತ್ತಿರ ಹೋದಳು. ಮೈ ಸವರುತ್ತಾಳೆ ಅಂದುಕೊಂಡೆ, ದಿನಾ ಸವರುವವಳೇ. ಅವಳು ಬಗ್ಗಿ, ಎರಡೂ ಕೈಗಳನ್ನು ಅದರ ಪಕ್ಕೆಗಿಟ್ಟು, ಮೈಯ ಬಲವನ್ನೆಲ್ಲ ಹಾಕಿ ನೂಕಿದಳು. "ಏಳು" ಅಂದಳು. ಕುರಿ ಹಿಂಗಾಲು ಊರಿ ಮೇಲೆದ್ದು, ಮುಂಗಾಲು ಕೊಡವಿ, ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಿತು. ಚೆಂಡು ಬಿಸಿಲಿಗೆ ಬಂತು.

ನಾನು ಓಡಿಹೋಗಿ ಅವಳ ರಟ್ಟೆ ಹಿಡಿದೆ. "ಏನ್ ಮಾಡಿದಿ ನೀ? ಗೊತ್ತಿಲ್ಲೇನು ನಿನಗ?"

"ಗೊತ್ತೈತಿ."

"ಗೊತ್ತಿದ್ದೂ ಎಬ್ಬಿಸಿದ್ಯಾ?"

ಅವಳು ನೆಲ ನೋಡಲಿಲ್ಲ, ನನ್ನ ಮುಖ ನೋಡಿಯೇ ಹೇಳಿದಳು. "ನನಗ ಅವ್ವನ ಕೂಡ ಹೋಗೂದೈತಿ, ದೊಡ್ಡವ್ವಾ."

ದೊಡ್ಡವ್ವ. ಹುಟ್ಟಿದ ಮೇಲೆ ಮೊದಲ ಸಲ ಆ ಬಾಯಿಯಿಂದ ಆ ಮಾತು ಬಂತು. ಯಾರು ಕಲಿಸಿದರೋ, ತಾನೇ ಲೆಕ್ಕ ಹಾಕಿದಳೋ. ನನ್ನ ಕೈ ತಾನಾಗಿ ಅವಳ ರಟ್ಟೆಯಿಂದ ಜಾರಿತು.

"ಅಜ್ಜ ಬರಲಿ, ನಾನ ಹೇಳತೀನಿ" ಅಂದಳು. ಅಳಲಿಲ್ಲ. ಅಷ್ಟು ಗಟ್ಟಿ ಮಗು. ನಾನೇ ಬೆಳೆಸಿದ್ದಲ್ಲವೇ, ಆ ಹಟವೂ ನನ್ನದೇ.

ಅಜ್ಜ ದಿಬ್ಬ ಏರಿ ಬರುತ್ತಿದ್ದ. ಅವನ ಹಿಂದೆ ಊಟ ಮುಗಿಸಿ ಬಂದ ನಾಲ್ಕಾರು ಜನ, ಅತ್ತ ಹಳ್ಳದಿಂದ ನಿಂಬೆವ್ವ. ಆ ಅರೆಗಳಿಗೆಯಲ್ಲಿ ಏನೆಲ್ಲ ತಲೆಗೆ ಬಂತು ಅಂತ ಈಗಲೂ ಹೇಳಬಲ್ಲೆ. ಕುರಿ ತಾನಾಗಿ ಎದ್ದಿತು ಅನ್ನಬಹುದಿತ್ತು. ಹುಡುಗಿ ಅಲ್ಲ ಅಂದರೆ ಮಕ್ಕಳ ಮಾತು ಅಂತ ತಳ್ಳಿಹಾಕಬಹುದಿತ್ತು. ಗೆದ್ದು ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಹೋಗಿ ಏನು ಮಾಡಲಿ? ದಿನಾ ಬೆಳಿಗ್ಗೆ ಎದ್ದು ಆ ಮುಖವನ್ನು ಹೇಗೆ ನೋಡಲಿ? ಹುಡುಗಿ ಎಬ್ಬಿಸಿದಳು ಅಂತ ನಿಜ ಹೇಳಿದರೆ ಊರು ಏನನ್ನುತ್ತದೆ ಅಂತಲೂ ಗೊತ್ತಿತ್ತು. ಎಂಟು ವರ್ಷ ಎದೆಗವಚಿ ಸಾಕಿದಳಂತೆ, ಆ ಮಗು ಇವಳ ಹತ್ತಿರ ಇರಲಾರೆ ಅಂತ ಕುರಿಯನ್ನೇ ಎಬ್ಬಿಸಿತಂತೆ. ಬಾವಿಕಟ್ಟೆಯಲ್ಲಿ ನಗುವವರ ಒಂದೊಂದು ಹಲ್ಲೂ ಕಣ್ಣ ಮುಂದೆ ಬಂತು. ಅದೊಂದು ನನಗೆ ಬೇಡವಾಗಿತ್ತು. ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ ಅಂತ ಯಾರೂ ತಿಳಿಯಬೇಡಿ. ಮಾನಕ್ಕೆ ಹೆದರಿ ಹೇಳಿದೆ.

"ಕುರಿ ತಾನ ಎದ್ದಿತೇನು?" ಅಂದ ಅಜ್ಜ.

ಕಸ್ತೂರಿ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಕೂಗಿದೆ. "ನಾನ ಎಬ್ಬಿಸಿದೆ. ಎಷ್ಟಂತ ಕಾಯೂದು? ಸಿಟ್ಟು ಬಂತು, ಒದ್ದು ಎಬ್ಬಿಸಿದೆ."

ಅಜ್ಜ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಹುಡುಗಿಯನ್ನು ನೋಡಿದ. "ಹಂಪೀ, ಇನ್ನೊಂದ ಸಲ ಕೇಳತೀನಿ. ಯಾರು ಎಬ್ಬಿಸಿದ್ದು?"

"ಕಿವಿ ಕೇಳಸೂದಿಲ್ಲೇನು ನಿನಗ? ನಾನ ಅಂದೆನಲ್ಲ!"

ಉಳಿದವರು ತಕ್ಷಣ ನಂಬಿದರು. ನನ್ನ ಸಿಟ್ಟಿನ ಮೇಲೆ ಊರಿಗೆ ಅಷ್ಟು ಭರವಸೆ. "ಗೆದ್ದ ಆಟಾನೂ ಕೆಡಿಸಿಕೊಂಡಳಲ್ಲ ಪುಣ್ಯಾತಗಿತ್ತಿ" ಅಂದ ಪಕ್ಕದ ಮನೆಯ ಭೀಮಶಿ. ಅಜ್ಜ ನನ್ನ ಕೋಲು ಇಸಿದುಕೊಂಡು ಮೊಣಕಾಲಿಗೆ ಅಡ್ಡ ಇಟ್ಟು ಮುರಿದ. ಕಸ್ತೂರಿ ತೆರೆದ ಬಾಯಿ ಮುಚ್ಚಿಕೊಂಡು ನಿಂಬೆವ್ವನ ಸೆರಗಿನ ಹಿಂದೆ ಹೋಗಿ ನಿಂತಳು. ಮರುದಿನ ಬೆಳಗಿನ ಬಸ್ಸಿಗೆ ಕೆಂಪು ಬೂಟು ಹಾಕಿಕೊಂಡು ಹೋದಳಂತೆ. ನಾನು ಹೊರಗೆ ಬರಲಿಲ್ಲ. ಒಲೆಯ ಮೇಲೆ ಹುಣಸೆ ಬೀಜದ ಗಂಜಿ ಇತ್ತು, ತಿರುವದಿದ್ದರೆ ತಳ ಹಿಡಿಯುತ್ತದೆ, ಅದನ್ನೇ ತಿರುವುತ್ತ ಕೂತೆ.

ಆಮೇಲಿನ ಎಂಟು ವರ್ಷದ ಕಥೆ ಹೇಳುವಂಥದ್ದಲ್ಲ. ತಿಂಗಳೊಳಗೆ ಭೀಮಶಿ ತನ್ನ ಗೋಡೆಯನ್ನು ನನ್ನ ಹಿತ್ತಿಲಿನೊಳಕ್ಕೆ ಮೂರು ಮೊಳ ಸರಿಸಿ ಕಟ್ಟಿದ. "ಬಾ ಅವ್ವಾ, ಆಡೂಣು" ಅಂತ ಗೋಡೆಯ ಮೇಲಿಂದ ಕೇಳಿ ನಕ್ಕ, ನಾನು ಆಡುವಂತಿಲ್ಲ ಅಂತ ಗೊತ್ತಿದ್ದೇ ಕೇಳಿದ. ಬಾವಿಯಲ್ಲಿ ನನ್ನ ಸರದಿ ಯಾವಾಗಲೂ ಕೊನೆಗೆ. ಗಂಜಿ ಹಾಕಿಸಿದವರು ಕಂಬಳಿ ಒಯ್ದು, ಸರಿ ಬರಲಿಲ್ಲ ಅಂತ ಕೂಲಿ ಕೊಡದೆ ಕೈ ಬೀಸಿಕೊಂಡು ಹೋದರೂ ನಾನು ಸುಮ್ಮನಿರಬೇಕು. ಇದ್ದೆ. ಒಂದು ನಂಬಿಕೆ ಮಾತ್ರ ಗಟ್ಟಿ ಹಿಡಿದುಕೊಂಡಿದ್ದೆ. ನಾನು ಮಾಡಿದ್ದು ಜಗತ್ತಿನಲ್ಲಿ ಇನ್ನೊಂದು ಜೀವಕ್ಕೆ ಗೊತ್ತಿದೆ, ಅಷ್ಟು ಸಾಕು ಅಂತ.

ಹೋದ ವರ್ಷ ಬೇಸಿಗೆಯಲ್ಲಿ ಆ ಜೀವ ಬಂತು. ಹೊಸ್ತಿಲಲ್ಲಿ ನಿಂತ ಹದಿನಾರರ ಹುಡುಗಿಯನ್ನು ಮೊದಲು ಗುರುತಿಸಲಿಲ್ಲ. ಅಂಗೈಯೆಲ್ಲ ಒಡೆದು ಕಪ್ಪಾಗಿತ್ತು, ತಲೆಗೂದಲಲ್ಲಿ ಕೆಂಪು ಧೂಳು. ಕೂರಿಸಿ ರೊಟ್ಟಿ ಹಾಕಿದೆ. ಉಣ್ಣುತ್ತಲೇ ಹೇಳಿದಳು, ಮೂರನೆಯ ಇಯತ್ತೆಗೇ ಶಾಲೆ ಬಿಡಿಸಿ ಭಟ್ಟಿಗೆ ಹಚ್ಚಿದರಂತೆ. ಅಪ್ಪ ಕುಡಿದು ಬಡಿಯುತ್ತಾನಂತೆ. ಈಗ ಭಟ್ಟಿಯ ಮೇಸ್ತ್ರಿಗೇ, ನಲವತ್ತು ದಾಟಿದವನಿಗೆ, ಕೊಟ್ಟು ಮದುವೆ ಮಾಡುತ್ತಾರಂತೆ.

"ಹೋಗಬ್ಯಾಡವ್ವಾ. ಇಲ್ಲೇ ಇರು, ನಿನ್ನ ಮನಿ ಇದು" ಅಂದೆ.

ಅವಳು ತಟ್ಟೆಯಿಂದ ಕೈ ತೆಗೆದಳು. "ನಾ ಒಂದ ಮಾತು ಕೇಳಾಕ ಬಂದೀನಿ. ಆಗ ನಾ ಸಣ್ಣಾಕಿ, ನನಗ ಆಟ ನೆನಪಿಲ್ಲ. ಅವ್ವ ಹೇಳತಾಳ, ಬಸ್ಸಿನ್ಯಾಗ ಬಂದ ನಿಮ್ಮೂರವರೂ ಹೇಳಿದ್ರು. ನೀ ಗೆದ್ದಿದ್ದೆಂತ. ಸಿಟ್ಟಿಗೆದ್ದು ಕುರಿ ಒದ್ದು ಎಬ್ಬಿಸಿದೆಂತ. ಖರೇ ಏನು?"

ನಾನು ಅವಳ ಮುಖವನ್ನೇ ನೋಡಿದೆ. ಕಣ್ಣಿನಲ್ಲಿ, ತುಟಿಯಲ್ಲಿ, ಎಲ್ಲಾದರೂ ಸುಳ್ಳು ಇದೆಯೇ, ನಾಟಕ ಇದೆಯೇ ಅಂತ ಹುಡುಕಿದೆ. ಇರಲಿಲ್ಲ. ಬಿಸಿಲಿನಲ್ಲಿ ಬಗ್ಗಿ ನೂಕಿದ ಎರಡು ಪುಟ್ಟ ಕೈ ಅವಳಿಗೆ ಮರೆತೇಹೋಗಿದ್ದವು. ಊರು ಹೇಳಿದ್ದೇ ಅವಳಿಗೂ ನೆನಪಾಗಿ ಕೂತಿತ್ತು. ನಿಜ ಹೇಳಲೇ? ಕುರಿ ಎಬ್ಬಿಸಿದವಳ ಮಾತನ್ನು ಯಾರು ನಂಬುತ್ತಾರೆ? ನಂಬಿದರೆ ಇನ್ನೂ ಕೆಟ್ಟದ್ದು. ಈ ಒಡೆದ ಕೈ, ಈ ಮದುವೆ, ಎಲ್ಲ ತಾನೇ ತಂದುಕೊಂಡದ್ದು ಅಂತ ಅವಳು ಹೊತ್ತುಕೊಂಡು ಹೋಗಬೇಕು.

"ಖರೇ" ಅಂದೆ.

"ಒಂದ ತಾಸು ತಡಕೊಳ್ಳಾಕ ಆಗಲಿಲ್ಲೇನು ದೊಡ್ಡವ್ವಾ? ನನ್ನ ಸಲುವಾಗಿ ಒಂದ ತಾಸು ಸುಮ್ಮನ ಕೂಡಾಕ ಆಗಲಿಲ್ಲೇನು ನಿನಗ?"

"ಆಗಲಿಲ್ಲವ್ವಾ. ಸಿಟ್ಟು ಬಂದಿತ್ತು. ಈಗರ ಇಲ್ಲೇ ಇರು."

"ಕೈಬಿಟ್ಟಾಕಿ ಮನ್ಯಾಗ ಹ್ಯಾಂಗ ಇರಲಿ?" ಅಂದಳು. ಎದ್ದು ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡು, ಚೀಲ ತೆಗೆದುಕೊಂಡು, ಸಂಜೆಯ ಬಸ್ಸಿಗೆ ಹೊರಟುಹೋದಳು.